ಕೂರದ ಮಾಸ್ತರು ಕೂತ ದಿನ

ನಮ್ಮ ಮಾಸ್ತರ ಎಡಗಾಲಿನ ಹೆಬ್ಬೆರಳಿಗೆ ಬೇರೆಯೇ ಜೀವ ಇತ್ತೇನೋ, ನಿಂತಲ್ಲೇ ನೆಲ ಕೆರೆಯುತ್ತಿತ್ತು. ನೆಲೋಗಿಯ ಶಾಲೆಯಲ್ಲಿ ಅವರಿಗೊಂದು ಕುರ್ಚಿಯಿತ್ತು. ಅದರ ಮೇಲೆ ಅವರ ರುಮಾಲು ಕೂರುತ್ತಿತ್ತೇ ಹೊರತು ಅವರು ಕೂತವರಲ್ಲ.

ಆಗ ನಿಜಾಮರ ಕಾಲ. ಪುಸ್ತಕ ಉರ್ದುವಿನದು, ನಮ್ಮ ಬಾಯಿ ಕನ್ನಡದ್ದು. ಹೊಸ ಮಕ್ಕಳು ಹೆದರಿ ತುಟಿ ಬಿಚ್ಚುತ್ತಿರಲಿಲ್ಲ. ಅದಕ್ಕೆ ಮಾಸ್ತರು ಮೊದಲು ಪಾಟಿಯ ಮೇಲೆ ಚಿತ್ರ ಬರೆಸುವರು. ಯಾರು ಯಾರ ಪಕ್ಕ ನಿಂತಿದ್ದಾರೆ, ಯಾರಿಗೆ ಕೈಯೇ ಇಲ್ಲ ಎಂದು ಬಗ್ಗಿ ಬಗ್ಗಿ ನೋಡುವರು. "ಕೂಸಿನ ಹೊಟ್ಯಾಗಿಂದು ಮೊದಲ ಕೈಗಿ ಬರ್ತದ, ಆಮ್ಯಾಲ ಬಾಯಿಗಿ," ಎನ್ನುತ್ತಿದ್ದರು.

ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಂದು ಊರಿಗೆ ಊರೇ ಮನೆಗೆ ಕೀಲಿ ಹಾಕಿ, ಗಾಡಿ ಕಟ್ಟಿ, ಹೊಲದ ಊಟಕ್ಕೆ ಹೋಗುತ್ತದೆ. "ನಿಮ್ಮ ಗಾಡ್ಯಾಗ ಯಾರ್ಯಾರು ಹೋಗ್ತೀರಿ, ಬರೀರಿ," ಎಂದರು. ನಾನು ಹಿಂದೊಂದು ಮನೆ ಬರೆದು, ಅದರ ಮುಂದೆ ನಿಂತ ಗಾಡಿಗೆ ಮಾವ, ಅತ್ತಿ, ಅವರ ಮಕ್ಕಳು, ಕಡೆಗೆ ನಾಯಿಯನ್ನೂ ಹತ್ತಿಸಿದೆ. ನಾನು ಮಾತ್ರ ಅದರಲ್ಲಿರಲಿಲ್ಲ.

ತಾಯಿಯಿಲ್ಲದ ನನ್ನನ್ನು ಸೋದರಮಾವನ ಮನೆಯಲ್ಲಿ ಬಿಟ್ಟು ಅಪ್ಪ ಸೊಲ್ಲಾಪುರದ ಗಿರಣಿಗೆ ಹೋದದ್ದು ಮಾಸ್ತರಿಗೆ ಗೊತ್ತಿತ್ತು. ಅವರಿಗೆ ತಡೆಯಲಾಗಲಿಲ್ಲ. ಶಾಲೆ ಬಿಟ್ಟದ್ದೇ ನನ್ನ ಪಾಟಿ ಹಿಡಿದು, ನನಗಿಂತ ಮುಂದೆ ಓಡಿ, ಅತ್ತಿಯ ಎದುರು ನಿಂತರು.

"ಈ ಕೂಸಿಗಿ ನಿಮ್ಮ ಗಾಡ್ಯಾಗ ಜಾಗ ಇಲ್ಲೇನ್ರಿ?"

ಅತ್ತಿ ಕೆಂಡವಾದಳು. "ನನ್ನ ಮಕ್ಕಳಿಗಿಂತ ಮೊದಲ ಆಕಿಗಿ ಉಣಸ್ತೇನ್ರಿ! ಬೇಕಾದ್ರ ಆಕಿಗೇ ಕೇಳ್ರಿ!"

ಮಾಸ್ತರು ಪಾಟಿಯನ್ನು ನನ್ನ ಮುಂದೆ ಹಿಡಿದರು. "ಮನಿ ಅದ, ಬಾಗಲದಾಗ ಕಂಬ ಅದ. ನೀ ಎಲ್ಲಿ ಬೇ?"

"ಅದು ಕಂಬ ಅಲ್ರಿ, ನಾನು," ಎಂದೆ. "ಅಪ್ಪ 'ಬರ್ತೇನಿ, ಮನ್ಯಾಗ ಇರು' ಅಂದಾನ್ರಿ. ಎಲ್ಲಾರೂ ಹೋದರ ಅವ ಕೀಲಿ ನೋಡಿ ಹೊಳ್ಳಿ ಹೋಗ್ತಾನ. ಮನ್ಯಾಗ ಯಾರರ ಇರಬೇಕಲ್ರಿ."

ಅತ್ತಿ ಬಾಯಿಗೆ ಸೆರಗು ಇಟ್ಟುಕೊಂಡಳು. ಮಾಸ್ತರ ಹೆಬ್ಬೆರಳು ಸುಮ್ಮನಾಯಿತು. "ತಪ್ಪಾತ್ರಿ ಅವ್ವಾ. ಕೂಸಿಗಿ ಕೇಳದನ ನಿಮಗ ಅಂದೆ," ಎಂದು ನನ್ನ ಕಡೆ ತಿರುಗಿದರು. "ನೀ ಹೊಲಕ್ಕ ಹೋಗು. ನಿಮ್ಮಪ್ಪ ಬಂದ್ರ ಹೇಳಾಕ ನಾ ಇಲ್ಲೇ ಕುಂದರ್ತೇನಿ."

ಅಮಾವಾಸ್ಯೆಯ ದಿನ ಖಾಲಿ ಊರಿನಲ್ಲಿ, ನಮ್ಮ ಕಟ್ಟೆಯ ಮೇಲೆ ಅವರೊಬ್ಬರೇ. ಹೊಲದಲ್ಲಿ ಭಜ್ಜಿ ರೊಟ್ಟಿ ಉಣ್ಣುವಾಗಲೂ ನನಗೆ ಚಡಪಡಿಕೆ. ಅಷ್ಟು ಹೊತ್ತು ಈ ಮನುಷ್ಯ ಕೂತಾರೆಯೇ? ಸಂಜೆ ಗಾಡಿ ತಿರುಗಿ ಬಂದಾಗ ಅಲ್ಲೇ ಇದ್ದರು. ಹೆಬ್ಬೆರಳ ಕೆಳಗೆ ಮಣ್ಣಿನಲ್ಲಿ ಸಣ್ಣ ಕುಣಿ ಬಿದ್ದಿತ್ತು.

"ಇವತ್ತ ಬರಲಿಲ್ಲ ಯವ್ವಾ," ಎಂದರು.

ಅಳು ಬಂತು. ಆದರೂ ನನ್ನ ಬದಲು ಒಬ್ಬರು ಕಾದಿದ್ದರಲ್ಲ ಎಂದು ಎದೆ ಹಗುರಾಗಿತ್ತು. ಅಪ್ಪ ಬಂದದ್ದು ಯುಗಾದಿಗೆ.

ಮುಂದೆ ನಾನೂ ಸಣ್ಣ ಮಕ್ಕಳ ಟೀಚರಾದೆ. ಚಿತ್ರ ಕಂಡೊಡನೆ ಏನೋ ತಿಳಿದುಬಿಟ್ಟಿತೆಂದು ಮನಸ್ಸು ಹಾರುತ್ತದೆ, ಹಿಡಿದು ನಿಲ್ಲಿಸಿ, "ಇದು ಏನವ್ವಾ?" ಎಂದು ಮಗುವನ್ನೇ ಕೇಳುತ್ತೇನೆ.

ಮಾಸ್ತರು ತೀರಿದ ಸುದ್ದಿ ಕೇಳಿ ಅವರ ಊರಾದ ಜೇವರ್ಗಿಗೆ ಓಡಿದಾಗ ಮನೆಮಂದಿಯೆಲ್ಲ ಮಣ್ಣು ಮಾಡಲು ಸ್ಮಶಾನಕ್ಕೆ ಹೋಗಿಬಿಟ್ಟಿದ್ದರು. ಬಾಗಿಲಿಗೆ ಕೀಲಿ ಹಾಕದೆ ಬರೀ ಮುಂದೆ ಎಳೆದಿದ್ದರು. ಬೇಗ ನಡೆದಿದ್ದರೆ ಅವರನ್ನು ಕೂಡಿಕೊಳ್ಳಬಹುದಿತ್ತು. ನಾನು ಹೋಗಲಿಲ್ಲ. ಅವರೆಲ್ಲ ತಿರುಗಿ ಬರುವವರೆಗೆ ಕಟ್ಟೆಯ ಮೇಲೆ ಕೂತಿದ್ದೆ. ಮನೆಯಲ್ಲಿ ಯಾರಾದರೂ ಇರಬೇಕಲ್ಲ.