ಜಾಲಿ ಬುಡದ ಹುಳ

ತಂತಿ ಮೊಳದುದ್ದ ಒಳಗ ಹೋತು. ಹುಳ ಸಿಗಲಿಲ್ಲ. ದಾಳಿಂಬ್ರಿ ಗಿಡದ ಬುಡಕ್ಕ ಬೋರಲ ಮಕ್ಕೊಂಡು ಮತ್ತ ತಿವಿದೆ. ಗರಗಸ ಎಳೆದಂಗ ಕಟ್ಟಿಗಿ ಪುಡಿ ಬಂತು, ಅಷ್ಟೇ. ಹತ್ತಿ ಪೆಟ್ರೋಲಿನ್ಯಾಗ ಅದ್ದಿ ತೂತಿಗೆ ತುರುಕಿ ಮಣ್ಣು ಮೆತ್ತಿದೆ. ಮುಂದಿನ ಗಿಡ. ದಿನಾ ಇದೇ. ಸೊಂಟ ಹಿಡ್ಕೊಂಡಿತ್ತು.

ತೆಲುಗು ಸೀಮಿ ಗಡಿಯಾಗ, ಕಣೇಕಲ್ಲು ಕಾಲುವಿ ಪಕ್ಕ ಸಾಹುಕಾರನ ತೋಟ. ನಾ ಅಲ್ಲಿ ಕೂಲಿ. ಈ ಹುಳ ಮೊದ್ಲು ಗುಡ್ಡದ ಕಾಡಿನ್ಯಾಗ ಜಾಲಿಗೆ ಇರ್ತಿತ್ತು. ಈಗ ದಾಳಿಂಬ್ರಿ ರುಚಿ ಹತ್ತೈತಿ. ಮಳಿ ಬಿದ್ದ ಮ್ಯಾಲ ರೆಕ್ಕಿ ಬಂದು ನೆಲದಾಗಿಂದ ಏಳ್ತೈತಿ. ಬೂದಿ ಬಣ್ಣ, ಮೈಯಷ್ಟುದ್ದ ಮೀಸಿ. ಎಳೆ ಟೊಂಗಿ ತೊಗಟಿ ಕೆರ್ಕೊಂಡು ತಿಂತೈತಿ. ಬುಡ ಕಚ್ಚಿ ತತ್ತಿ ಇಟ್ಟು ಸಾಯ್ತೈತಿ. ತತ್ತಿಯಿಂದ ಬಂದ ಬಿಳೇ ಹುಳ ಬೇರಿನೊಳಗ ಇಳಿದು, ಮುಂದಿನ ಮಳಿ ತನಕ ತಿನ್ಕೊಂತ ಕುಂದ್ರತೈತಿ. ತಿವಿದು ತಿವಿದು ನನಗ ಗೊತ್ತಾಗಿದ್ದು ಇಷ್ಟು.

ಕಾಲುವಿ ಏರಿ ಮ್ಯಾಲ ಒಂದು ಜಾಲಿ ಮರ ಇತ್ತು. ಅದರ ಕಾಯಿ ತಿಂದೇ ನಮ್ಮವ್ವನ ಆಡು ಬ್ಯಾಸಿಗಿ ಕಳೀತಿದ್ವು. ಅವ್ವಗೂ ನೆಳ್ಳು ಅದೊಂದೇ.

ಸಾಹುಕಾರ ಅದರ ಕಡಿ ಕೈ ಮಾಡಿ, "ಅಲ್ಲಿಂದ ಬರಾಕತ್ತೈತಿ," ಅಂದ.

"ಗುಡ್ಡದಿಂದನೂ ಬರಬೌದಲ್ರಿ."

"ಗುಡ್ಡ ಕಡಿಯಾಕ ನಿನ್ನ ಕೊಡ್ಲಿ ಸಾಲ್ತೈತೇನು?"

"ನಮ್ಮ ಆಡಿಗೆ ಕಾಯಿ ಬೇಕ್ರಿ."

"ಬುಡ ನೋಡು. ಪುಡಿ ಇಲ್ಲಂದ್ರ ಬಿಡು."

ಇರಬಾರ್ದು ಅನ್ಕೊಂತ ಕೆದರಿದೆ. ಬೊಗಸಿ ತುಂಬ ಪುಡಿ. ಸಾಹುಕಾರ ಮಾತಾಡೋದು ಕನ್ನಡ, ಹುಕುಂ ಮಾಡೋದು ತೆಲುಗು. "ಕೊಟ್ಟೇಯ್," ಅಂದ, ಕಡಿದು ಹಾಕು ಅಂತ. ಕಡಿದೆ. ಅವ್ವ ದೂರದಾಗ ಆಡು ಹಿಡ್ಕೊಂಡು ನಿಂತಿದ್ಲು. ಮುಳ್ಳು ಬೇಲಿಗೆ ಹೋತು, ಬೊಡ್ಡಿ ಒಲಿಗೆ. ಬೇರೂ ಕೀಳ್ತೀನಿ ಅಂದ್ರ ಸಾಹುಕಾರ ಬ್ಯಾಡ ಅಂದ. ಏರಿ ಒಡೆದು ನೀರು ತೋಟಕ್ಕ ನುಗ್ತೈತಂತ.

ಮಳಿ ಬಂತು. ಒಂದಿನ ಅವ್ವ, "ಬಾರೋ ಇಲ್ಲಿ," ಅಂತ ಕರೆದ್ಲು. ಕಡಿದ ಮೋಟಿನ ಪಕ್ಕ ನೆಲದಾಗ ಬೆರಳು ಹಿಡಿಯೋವಷ್ಟು ತೂತು. ಒಂದು ಹುಳ ಮೋಟಿನ ಮ್ಯಾಲ ಮೀಸಿ ಆಡಿಸ್ಕೊಂತ ಕುಂತಿತ್ತು. ಇನ್ನೊಂದು ಹೊರಗ ಬರಾಕತ್ತಿತ್ತು.

"ಹುಳ ಇದ್ದದ್ದು ಕಾಲಾಗ, ನೀವು ತೆಗೆದದ್ದು ತಲಿ," ಅಂದ್ಲು. "ಈಗ ನನ್ನ ಆಡು ನಿಮ್ಮ ಸಾಹುಕಾರನ ತಲಿಗೂದಲ ತಿನ್ಲೇನು?"

ಎರಡನ್ನೂ ತುಳಿದೆ. ಸಾಹುಕಾರಗ ಹೇಳಿದ್ರ, "ಆತು ಬಿಡು," ಅಂದ.

ಈಗ ಅವ್ವ ಆಡು ಹೊಡ್ಕೊಂಡು ಗುಡ್ಡದ ತನಕ ನಡೀತಾಳ. ಬಂದು ಮೊಣಕಾಲು ನೀವ್ಕೊಂತ ಕುಂದ್ರತಾಳ. ಮರ ಅಂತೂ ಹೋತು. ಇನ್ನ ಹೇಳೋದು ಏನೂ ಇಲ್ಲ.