ಏಕಾಂತಮ್ಮನವರ ಸೈಕಲ್ಲು, ಹರಿಯಬ್ಬೆಯ ಮುಯ್ಯಿ

ದೊಡ್ಡವರ ವಿಚಾರ ಬರೆಯುವುದಕ್ಕೆ ದೊಡ್ಡ ಓದು ಬೇಕು. ಹಗಲೆಲ್ಲ ಬ್ಲಾಕ್ ಕಚೇರಿಯ ಬೆರಳಚ್ಚು ಯಂತ್ರದ ಮುಂದೆ ಕೂತು, ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ಕನ್ನಡ ಓದಿದ ಕೈಯೊಂದು ಈ ಅಭಿನಂದನ ಸಂಪುಟದಲ್ಲಿ ವಿದ್ವಾಂಸರ ಸಾಲಿಗೆ ಬಂದು ನಿಂತಿರುವುದನ್ನು ಓದುಗರು ಮನ್ನಿಸಬೇಕು. ಇಲ್ಲಿರುವ ಸಂಗತಿಗಳನ್ನು ಏಕಾಂತಮ್ಮನವರ ಬಾಯಿಂದಲೇ ಕೇಳಿ, ಹರಿಯಬ್ಬೆಗೂ ಹೋಗಿ ಮತ್ತೊಮ್ಮೆ ವಿಚಾರಿಸಿ ಬರೆದದ್ದಾಗಿದೆ. ಆದರೂ ಎಲ್ಲೋ ತಪ್ಪು ನುಸುಳಿರಬಹುದೆಂಬ ಅಳುಕು ಇದ್ದೇ ಇದೆ. ತಪ್ಪಿದ್ದರೆ ಅದು ಬರೆದವನದು, ಅವರದಲ್ಲ.

ಚಿತ್ರದುರ್ಗ ಜಿಲ್ಲೆಯಲ್ಲಿ ಗ್ರಾಮಸೇವಿಕೆ ಎಂದರೆ ಏನೆಂದು ಹಳ್ಳಿಯ ಹೆಂಗಸರನ್ನು ಕೇಳಿದರೆ ಅವರು ಇಲಾಖೆಯ ಹೆಸರು ಹೇಳುವುದಿಲ್ಲ, ಶ್ರೀಮತಿ ಏಕಾಂತಮ್ಮನವರ ಹೆಸರು ಹೇಳುತ್ತಾರೆ. ಇಪ್ಪತ್ತನಾಲ್ಕು ವರ್ಷಗಳ ಸೇವೆಯಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಈ ನಾಲ್ಕೂ ತಾಲ್ಲೂಕುಗಳ ಅಡಿಗೆಮನೆಗಳನ್ನು ಒಳಹೊಕ್ಕು ನೋಡಿದ ಸರ್ಕಾರಿ ನೌಕರರು ಅವರೊಬ್ಬರೇ ಇರಬೇಕು. ಈ ವರ್ಷ, ೧೯೭೯ರಲ್ಲಿ, ಅವರು ನಿವೃತ್ತರಾಗುತ್ತಿರುವುದು ಕಚೇರಿಗೆ ಒಂದು ಖಾಲಿ ಕುರ್ಚಿಯಾದರೆ, ಹಳ್ಳಿಗಳಿಗೆ ಮನೆಯ ಹಿರಿಯಕ್ಕ ಊರು ಬಿಟ್ಟು ಹೊರಟಂತೆ.

ಅವರ ಸೇವೆ ಆರಂಭವಾದದ್ದು ಒಂದು ಹೊಗೆಯಿಂದ. ತಾಳ್ಯದಲ್ಲಿ ಅವರು ಹಾಕಿಕೊಟ್ಟ ಮೊದಲ ಹೊಗೆಯಿಲ್ಲದ ಒಲೆಯ ಕೊಳವೆಯನ್ನು ಗಾಳಿಯ ದಿಕ್ಕು ನೋಡದೆ ಇಟ್ಟದ್ದರಿಂದ, ಮುದ್ದಕ್ಕನ ಮನೆಯ ಹೊಗೆಯೆಲ್ಲ ಪಕ್ಕದವರ ದೇವರ ಗೂಡಿಗೆ ಹೋಗಿ ತುಂಬಿತು. ಎರಡು ಮನೆಗಳಿಗೂ ಮಾತು ನಿಲ್ಲುವ ಹಂತ ಬಂದಾಗ ಏಕಾಂತಮ್ಮನವರು ಸೀರೆ ಎತ್ತಿ ಸಿಕ್ಕಿಸಿ, ತಾವೇ ಒಲೆಯನ್ನು ಒಡೆದು, ಮಣ್ಣು ಕಲಸಿ ಮತ್ತೆ ಕಟ್ಟಿದರು. ಪಕ್ಕದವರಿಗೂ ಒಂದು ಒಲೆ ಹಾಕಿಕೊಟ್ಟ ಮೇಲೆಯೇ ಬಸ್ಸು ಹತ್ತಿದರು. ಅಂದಿನಿಂದ ಆ ಸೀಮೆಗೆಲ್ಲ ಅವರು 'ಒಲೆ ಅಮ್ಮಾರು'.

ಸೈಕಲ್ಲು ಬಂದದ್ದು ಆಮೇಲೆ. ಇಲಾಖೆಯಿಂದ ಗ್ರಾಮಸೇವಿಕೆಯರಿಗೆಂದು ಬಂದ ಸೈಕಲ್ಲುಗಳು ಯಾರೂ ಏರುವವರಿಲ್ಲದೆ ಉಗ್ರಾಣದಲ್ಲಿ ತುಕ್ಕು ಹಿಡಿಯುತ್ತಿದ್ದವು. ನಲವತ್ತು ದಾಟಿದ್ದ ಏಕಾಂತಮ್ಮನವರು, ಭಾನುವಾರಗಳಲ್ಲಿ ಕಚೇರಿಯ ಅಂಗಳದಲ್ಲಿ ಬಿದ್ದು ಎದ್ದು ಕಲಿತರು. ನೋಡಿದವರು ನಕ್ಕದ್ದು ಒಂದೇ ವಾರ. ಸಂತೆಗೆ ಹೋಗುವ ಹೆಂಗಸರು ತಮ್ಮ ಗಂಟುಗಳನ್ನು ಅವರ ಕ್ಯಾರಿಯರಿಗೆ ಕಟ್ಟತೊಡಗಿದ ಮೇಲೆ ನಗುವುದಕ್ಕೆ ಯಾರಿಗೂ ಬಿಡುವಿರಲಿಲ್ಲ.

ಇನ್ನು ಹರಿಯಬ್ಬೆಯ ಮಾತು. ಊರಿನ ಅಂಚಿನಲ್ಲಿ ಕುರಿ ಸಾಕಿ ಬದುಕುತ್ತಿದ್ದ ಒಂಬತ್ತು ಕುಟುಂಬಗಳಿಗೆ ೧೯೭೩ರ ಕೊನೆಯಲ್ಲಿ ನಿವೇಶನದ ಹಕ್ಕುಪತ್ರ ದೊರೆಯಿತು. ನೆಲವೇನೋ ಸಿಕ್ಕಿತು, ಗೋಡೆಗೆ ದಾರಿ ಇರಲಿಲ್ಲ. ಮುಂಗಾರಿನ ಒಳಗೆ ಮನೆ ಏಳದಿದ್ದರೆ ನಿವೇಶನ ಬೇರೆಯವರ ಪಾಲಾಗುತ್ತದೆಂಬ ಮಾತೂ ಹುಟ್ಟಿಕೊಂಡಿತ್ತು. ಆ ಕುಟುಂಬಗಳ ಹಿರಿಯಳು ಓಬವ್ವ. ಸೋಗೆಯ ಗುಡಿಸಲಿನಲ್ಲಿ ಮಳೆಗಾಲ ಕಳೆದೂ ಕಳೆದೂ ಅವಳ ಮೊಮ್ಮಗುವಿಗೆ ಎದೆಯಲ್ಲಿ ಕಫ ಕಟ್ಟಿ ಉಬ್ಬಸ ಅಂಟಿಕೊಂಡಿತ್ತು. ಆ ಮಗುವಿನ ಉಸಿರಾಟ ಕೇಳಿದ ದಿನ ಏಕಾಂತಮ್ಮನವರಿಗೆ ಊಟ ಸೇರಲಿಲ್ಲವಂತೆ.

ಆಗಿನ ಅಭಿವೃದ್ಧಿ ಅಧಿಕಾರಿಗಳು ತರುಣರು, ಪತ್ರಿಕೆ ಓದುವವರು. ಬೇರೆ ದೇಶಗಳಲ್ಲಿ ಒಳ್ಳೆಯ ಕೆಲಸಕ್ಕಾಗಿ ದೂರದೂರ ಸೈಕಲ್ ತುಳಿಯುತ್ತಾರೆ, ತುಳಿದ ಮೈಲಿಗೆ ಇಷ್ಟೆಂದು ಜನ ಹಣ ಕೊಡುತ್ತಾರೆ ಎಂದು ಅವರು ಮಾತಿನ ನಡುವೆ ಹೇಳಿದರು. ಹೇಳಿದವರು ಮರೆತರು, ಕೇಳಿದವರು ಮರೆಯಲಿಲ್ಲ. ಸುಗ್ಗಿ ಮುಗಿದು ಜನರ ಕೈಯೂ ಮನಸ್ಸೂ ಸಡಿಲವಾಗಿದ್ದ ಮಾಘ ಮಾಸದಲ್ಲಿ, ಐವತ್ತರ ಹತ್ತಿರದ ಏಕಾಂತಮ್ಮನವರು ರಜೆ ಹಾಕಿ, ಮನೆಗಳಿಗೆಂದು ಜನ ಕೊಡುವ ಹಣಕ್ಕೆ ಹ್ಯಾಂಡಲಿಗೆ ಒಂದು ಡಾಲ್ಡಾ ಡಬ್ಬಿ ಕಟ್ಟಿ, ಹಿರಿಯೂರಿನಿಂದ ಹೊಸದುರ್ಗದ ದಾರಿ ಹಿಡಿದರು.

ಹೊಸದುರ್ಗದ ಕೊಬ್ಬರಿ ಮಂಡಿಯಲ್ಲಿ ವರ್ತಕ ಶಿವಯ್ಯನವರು ಮೈಲಿ ಲೆಕ್ಕವನ್ನು ಗಮನವಿಟ್ಟು ಕೇಳಿ, ಒಂದು ಸಂದೇಹ ಎತ್ತಿದರು. "ಏರು ತುಳಿದದ್ದಕ್ಕೆ ಕೊಡಾಣ್ರಿ. ಇಳಿಜಾರಲ್ಲಿ ಸೈಕಲ್ಲು ತಾನೇ ಓಡ್ತೈತಲ್ಲ, ಅದಕ್ಕೂ ದುಡ್ಡೇನ್ರಿ?"

ಮಂಡಿಯ ಹಮಾಲರೆಲ್ಲ ಕಿವಿ ನಿಮಿರಿಸಿದರು. ಏಕಾಂತಮ್ಮನವರು, "ಇಳಿಜಾರಲ್ಲಿ ಬ್ರೇಕು ಹಿಡಿಯಾಕೆ ಕೈ ನೋಯ್ತಾವೆ ಶಿವಯ್ನೋರೆ. ಕಾಲಿಂದು ಬ್ಯಾಡ, ಕೈಯಿಂದು ಕೊಡ್ರಿ" ಎಂದರು. ಶಿವಯ್ಯನವರು ನಕ್ಕು ಎರಡಕ್ಕೂ ಕೊಟ್ಟರು.

ತಾಳ್ಯದಲ್ಲಿ ಇನ್ನೊಂದು ಪೇಚು. ಅವರು ಹೋಗುವ ಸ್ವಲ್ಪ ಮುಂಚೆ ಅಲ್ಲಿ ಒಬ್ಬಾತ ಹಗಲಿರುಳು ಸೈಕಲ್ಲಿನಿಂದ ಇಳಿಯದೆ, ಅದರ ಮೇಲೆಯೇ ಸ್ನಾನ ಊಟ ಮಾಡುತ್ತ ಸುತ್ತಿ ತೋರಿಸಿ ಹೋಗಿದ್ದ. ಜನ ಇವರನ್ನೂ ಅದೇ ಕಸುಬಿನವರೆಂದು ತಿಳಿದು ಚಾವಡಿಯ ಮುಂದೆ ನೀರು ಚಿಮುಕಿಸಿ ಸುತ್ತಲೂ ಕೂತುಬಿಟ್ಟರು. ಕಾಲು ನೆಲಕ್ಕೆ ತಾಗಿದರೆ ಕಾಸಿಲ್ಲ ಎಂದು ಯಾರೋ ಕೂಗಿದರು. ಇಳಿಯಲೂ ಆಗದೆ ನಿಲ್ಲಿಸಲೂ ಆಗದೆ ಅವರು ಸುತ್ತು ಹಾಕುತ್ತಿದ್ದಾಗ ಮುದ್ದಕ್ಕ ಮೊರ ಹಿಡಿದುಕೊಂಡೇ ಓಡಿ ಬಂದು ಹ್ಯಾಂಡಲ್ಲಿಗೆ ಕೈ ಹಾಕಿದಳು. "ಲೇ, ಸರ್ಕಸ್ಸಿನೋರಲ್ಲ ಕಣ್ರಲೇ, ನಮ್ಮ ಒಲೆ ಅಮ್ಮಾರು! ಇಳೀರಿ ತಾಯಿ, ಕುಂತ್ಕಳ್ರಿ." ಆ ಊರು ದುಡ್ಡಿನ ಜೊತೆಗೆ ಒಂದು ಗಾಡಿ ಬಿದಿರನ್ನೂ ಕೊಟ್ಟಿತು.

ಹೊಳಲ್ಕೆರೆಯ ಪ್ರವಾಸಿ ಮಂದಿರದಲ್ಲಿ ತಂಗಿದ್ದ ಏಕಾಂತಮ್ಮನವರು ಬೆಳಿಗ್ಗೆ ಎದ್ದು ಬಂದರೆ ಸೈಕಲ್ಲಿಗೆ ಒರಗಿಸಿ ಒಂದು ಬಾಗಿಲು ನಿಂತಿತ್ತು. ಹೊನ್ನೆಯ ಮರದ್ದು, ಚೌಕಟ್ಟಿನ ಸಮೇತ, ಇನ್ನೂ ಉಳಿ ತಾಗಿದ ಮರದ ವಾಸನೆ ಆರದ್ದು. ಕಾವಲುಗಾರ ಚಹಾ ಕುಡಿಯಲು ಹೋಗಿದ್ದನಂತೆ, ಯಾರು ತಂದರೆಂದು ತಿಳಿಯದು. ಏಕಾಂತಮ್ಮನವರು ಕೇರಿಕೇರಿಯಲ್ಲಿ ವಿಚಾರಿಸಿ, ಉತ್ತರ ಸಿಗದೆ, ಹಿರಿಯೂರಿಗೆ ಹೋಗುವ ಲಾರಿಯವನೊಬ್ಬನ ಕೈಕಾಲು ಹಿಡಿದು ಅದನ್ನು ಕಳಿಸಿದರು. ಚಿತ್ರದುರ್ಗದಲ್ಲಿ ಮಠದವರೂ ಕಾಲೇಜಿನ ವಿದ್ಯಾರ್ಥಿಗಳೂ ಕೈಯಾರೆ ಕೊಟ್ಟರು. ಐಮಂಗಲದ ಎದುರುಗಾಳಿಯಲ್ಲಿ ತುಳಿಯುತ್ತ ಹಿಂತಿರುಗುವಾಗ ಅವರ ಮನಸ್ಸು ಡಬ್ಬಿಗಿಂತ ಹೆಚ್ಚು ತುಂಬಿತ್ತು.

ಆ ತುಂಬಿದ ಮನಸ್ಸಿನಲ್ಲೇ ಅವರು ಹರಿಯಬ್ಬೆಗೆ ಹೋಗಿ, ಒಂಬತ್ತು ಕುಟುಂಬಗಳ ಮುಂದೆ ಡಬ್ಬಿ ಇಟ್ಟು ದಾರಿಯ ಕತೆಯನ್ನೆಲ್ಲ ಹೇಳಿದರು. ಶಿವಯ್ಯನವರ ಇಳಿಜಾರಿಗೆ ಎಲ್ಲರೂ ನಕ್ಕರು. ಕತೆ ಮುಗಿದ ಮೇಲೆ ಓಬವ್ವ ಡಬ್ಬಿಯನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದಳು.

"ಇದು ನಮಗೆ ಬ್ಯಾಡ್ರಮ್ಮ."

ಏಕಾಂತಮ್ಮನವರಿಗೆ ಮೊದಲು ಅರ್ಥವಾಗಲಿಲ್ಲ. ಓಬವ್ವ ಸಿಟ್ಟಾಗಿರಲಿಲ್ಲ. ನೆಂಟರಿಗೆ ಹೇಳುವಂತೆ ಬಿಡಿಸಿ ಹೇಳಿದಳು. "ನಮ್ಮೋರು ಮನೆ ಕಟ್ಟೋವಾಗ ಯಾರ ಹತ್ರಾನೂ ಇಸ್ಕಳ್ಳಲ್ಲ ಅಂತಲ್ಲ. ಇಸ್ಕಂತೀವಿ, ಮುಯ್ಯಿ ಅಂತ ಇಸ್ಕಂತೀವಿ. ಅವರ ಮನೇಗೊಂದು ಕಾಲ ಬಂದಾಗ ನಾವು ತಿರುಗಿಸ್ತೀವಿ. ತಿರುಗಿಸಾಕಾಗದ್ದನ್ನ ಗ್ವಾಡೆ ಮಾಡ್ಕಂಡ್ರೆ ಅದ್ರೊಳಗೆ ನಿದ್ದೆ ಹತ್ತಾದಿಲ್ಲ ತಾಯಿ."

ಪಕ್ಕದಲ್ಲಿದ್ದ ಇನ್ನೊಂದು ಕುಟುಂಬದ ಕೆಂಚಪ್ಪ, "ಭಿಕ್ಸದ ಮನೆ ಅಂತ ಮಕ್ಕಳ ಮದ್ವೇಲಿ ಆಡ್ಕಂತಾರ್ರಿ" ಎಂದು ಸೇರಿಸಿದ.

ಮಳೆಗೆ ಇನ್ನು ಹೆಚ್ಚು ಕಾಲವಿರಲಿಲ್ಲ. ಮಗುವಿನ ಉಬ್ಬಸದ ಸದ್ದು ಗುಡಿಸಲಿನಿಂದ ಕೇಳುತ್ತಲೇ ಇತ್ತು. ಬೇರೆಯವರಾಗಿದ್ದರೆ ಇಂಥ ಮಾತಿಗೆ ಮನನೊಂದು ಡಬ್ಬಿಯನ್ನು ಕಚೇರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಿದ್ದರೇನೋ. ಏಕಾಂತಮ್ಮನವರಿಗೂ ನೋವಾಯಿತು, ಅದನ್ನು ಅವರು ಮುಚ್ಚಿಟ್ಟಿಲ್ಲ. ಆದರೆ ತಾಳ್ಯದ ಒಲೆ ಅವರಿಗೆ ನೆನಪಾಯಿತಂತೆ: ಒಳ್ಳೆಯ ಒಲೆಯೇ, ಗಾಳಿಯ ದಿಕ್ಕನ್ನು ಮಾತ್ರ ಕೇಳಿರಲಿಲ್ಲ. ಈ ಸಲವೂ ಅದರೊಳಗೆ ಬಾಳಬೇಕಾದವರನ್ನು ಕೇಳದೆ ಮನೆ ಕಟ್ಟಲು ಹೊರಟಿದ್ದೆ ಎಂದುಕೊಂಡು ಡಬ್ಬಿ ಎತ್ತಿಕೊಂಡರು. ಉಳಿದಿದ್ದ ರಜೆಯನ್ನೂ ಹಾಕಿ, ಅದೇ ದಾರಿಯನ್ನು ಎರಡನೆಯ ಸಲ ತುಳಿದರು. ಮೊದಲ ಸಲ ಕೇಳಿದ್ದು ಏನು ಕೊಡುತ್ತೀರಿ ಎಂದು, ಈ ಸಲ ಕೇಳಬೇಕಾದದ್ದು ಏನು ತಿರುಗಿ ತೆಗೆದುಕೊಳ್ಳುತ್ತೀರಿ ಎಂದು. ಕೊಟ್ಟವರು ಮುನಿಸಿಕೊಂಡು ಕೊಟ್ಟದ್ದನ್ನೇ ವಾಪಸು ಕೇಳಿದರೆ ಆ ಮುಂಗಾರಿಗೆ ಮನೆಗಳಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಶಿವಯ್ಯನವರು ಮುನಿಸಿಕೊಂಡೇಬಿಟ್ಟರು. "ನಾನು ಕೊಟ್ಟಿದ್ದು ದಾನ ಕಣ್ರಿ, ಕೈಗಡ ಅಲ್ಲ. ತಿರುಗಿ ಇಸ್ಕಂಡ್ರೆ ನನ್ನ ಪುಣ್ಯದ ಗತಿಯೇನು?"

"ನಿಮ್ಮ ಪುಣ್ಯ ನಿಮ್ಮತ್ರಾನೇ ಇರ್ಲಿ ಶಿವಯ್ನೋರೆ. ಅವರಿಗೂ ಒಂದು ಮಾನ ಐತಲ್ರಿ, ಅದೂ ಅವರತ್ರ ಇರ್ಲಿ."

ಶಿವಯ್ಯನವರು ತಕ್ಕಡಿಯ ಸರಪಳಿಯನ್ನು ಸುಮ್ಮನೆ ಸರಿಮಾಡಿ, ಕೊನೆಗೆ ಕೇಳಿದರು: "ವೈಶಾಖದಾಗೆ ನಮ್ಮ ಹುಡುಗಿ ಮದುವೆ ಐತೆ. ಚಪ್ಪರ ಹಾಕಾಕೆ ಬರ್ತಾರೇನ್ರಿ?"

ಅಲ್ಲಿಂದ ಮುಂದೆ ದಾರಿ ಇಳಿಜಾರಾಯಿತು. ಮುದ್ದಕ್ಕ ಕೇಳಿದ್ದು ತನ್ನ ಹೊಲದಲ್ಲಿ ಗೊಬ್ಬರಕ್ಕೆ ಕುರಿಮಂದೆ ನಿಲ್ಲಿಸಿಕೊಡಬೇಕೆಂದು. ಮಂದೆ ನಿಂತ ಹೊಲದ ರಾಗಿಯ ಬೆಲೆ ಅವಳಿಗೆ ಗೊತ್ತು. ಉಳಿದವರೂ ಅದನ್ನೇ ಕೇಳತೊಡಗಿದಾಗ, ಕುರಿಗಳಿಗೆ ಇಷ್ಟು ಬೇಡಿಕೆ ಇದೆಯೆಂದು ಓಬವ್ವನಿಗೇ ಗೊತ್ತಿರಲಿಲ್ಲವಂತೆ. ಚಿತ್ರದುರ್ಗದ ವಿದ್ಯಾರ್ಥಿಗಳು ಬಹಳ ಯೋಚಿಸಿ, ತಮ್ಮ ಕಾಲೇಜಿನ ಹಬ್ಬಕ್ಕೆ ಹರಿಯಬ್ಬೆಯವರು ಬಂದು ಪದ ಹಾಡಬೇಕೆಂದರು. ಮಠದ ಹಿರಿಯರು ಮಾತ್ರ ಹೆಚ್ಚೇನನ್ನೂ ಕೇಳದೆ, ದಾಸೋಹದ ದಿನ ಬಂದು ಪಾತ್ರೆ ತೊಳೆದುಕೊಟ್ಟರೆ ಸಾಕು ಎಂದು ನಕ್ಕರು. ಅವರೂ ನಕ್ಕರೆಂಬುದನ್ನು ಏಕಾಂತಮ್ಮನವರು ಇಂದಿಗೂ ವಿಶೇಷವಾಗಿ ಹೇಳುತ್ತಾರೆ.

ಡಬ್ಬಿ ಎರಡನೆಯ ಸಲ ಹರಿಯಬ್ಬೆಯಲ್ಲಿ ಇಳಿದಾಗ ಓಬವ್ವ ಅದನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಮೊದಲ ಮಳೆ ಬೀಳುವ ಹೊತ್ತಿಗೆ ಒಂಬತ್ತು ಮನೆಗಳಿಗೂ ಹೆಂಚು ಕೂತಿತ್ತು. ಮಗು ಆ ಮಳೆಗಾಲವನ್ನು ಬೆಚ್ಚಗೆ ಕಳೆಯಿತು. ಈಗ ಅದು ಶಾಲೆಗೆ ಹೋಗುತ್ತದೆ, ಅಕ್ಷರಕ್ಕಿಂತ ಓಟದಲ್ಲಿ ಮುಂದಿದೆ ಎಂದು ಮೇಷ್ಟರ ದೂರು. ಶಿವಯ್ಯನವರ ಮಗಳ ಮದುವೆಯ ಚಪ್ಪರವನ್ನು ಹೊಸದುರ್ಗದವರು ಇನ್ನೂ ಮರೆತಿಲ್ಲ. ಚಪ್ಪರ ಹಾಕಿದವರನ್ನು ಹರಿಯಬ್ಬೆಯ ನೆಂಟರೆಂದೇ ಶಿವಯ್ಯನವರು ಬೀಗರಿಗೆ ಪರಿಚಯ ಮಾಡಿಸಿದರಂತೆ.

ಹೀಗೆ ಐದು ವರ್ಷಗಳಲ್ಲಿ ಒಂದೊಂದಾಗಿ ಮುಯ್ಯಿಗಳು ತೀರಿದವು, ಒಂದನ್ನು ಬಿಟ್ಟು. ಹೊಳಲ್ಕೆರೆಯ ಬಾಗಿಲನ್ನು ಬಳಸಲು ಓಬವ್ವ ಬಹಳ ಹಿಂಜರಿದಳು. ಹೆಸರಿಲ್ಲದವರಿಗೆ ಏನೆಂದು ತಿರುಗಿಸುವುದು? ಮಳೆ ಹತ್ತಿರ ಬಂದಾಗ ಏಕಾಂತಮ್ಮನವರು, ಕೊಟ್ಟವರನ್ನು ಹುಡುಕುವ ಹೊಣೆ ತಮ್ಮದೆಂದು ಮಾತು ಕೊಟ್ಟ ಮೇಲೆಯೇ ಆ ಬಾಗಿಲು ಅವಳ ಮನೆಗೆ ಕೂತಿತು. ಬಾಗಿಲು ಕೊಟ್ಟವರಿಗೆಂದು ಓಬವ್ವ ತಾನೇ ಉಣ್ಣೆ ನೂತು, ನೇಯಿಸಿದ ಒಂದು ಕರಿ ಕಂಬಳಿ ಆ ಬಾಗಿಲ ಹಿಂದಿನ ಗೂಟದಲ್ಲಿ ಮಡಿಸಿಟ್ಟಂತೆಯೇ ಇದೆ. ಎಂಥ ಚಳಿಗೂ ಅದನ್ನು ಯಾರೂ ಹೊದೆಯುವುದಿಲ್ಲ. ಈ ಲೇಖನಕ್ಕಾಗಿ ವಿಚಾರಿಸಲು ಹೋದಾಗ, ಒಲೆ ಅಮ್ಮಾರಿಗೆ ನಿವೃತ್ತಿಯಾಗುತ್ತದೆ ಎಂಬ ಸುದ್ದಿ ಕೇಳಿ ಓಬವ್ವ ಹೇಳಿದ್ದು ಇಷ್ಟೆ: "ಆಗ್ಲಿ ಬಿಡ್ರಿ, ಇನ್ಮ್ಯಾಕೆ ಹುಡುಕಾಕೆ ಬಿಡುವಾಗ್ತೈತೆ. ಮುಯ್ಯಿ ಉಳಿಸ್ಕಂಡೋರ ಮನೆ ಕಡೀಗೆ ಯಮ ಬರಾಕಿಲ್ಲ."

ಏಕಾಂತಮ್ಮನವರಿಗೆ ನೂರು ವರ್ಷ ತುಂಬಲೆಂದು ಹಾರೈಸುವುದಕ್ಕೆ ಓಬವ್ವನ ಈ ಮಾತಿಗಿಂತ ಬೇರೆ ಮಾತು ಬೇಕಿಲ್ಲ. ಅವರ ಮೊಣಕಾಲು ಗಟ್ಟಿಯಾಗಿರಲಿ, ಸೈಕಲ್ಲಿನ ಗಾಳಿ ಇಳಿಯದಿರಲಿ, ಹುಡುಕುವ ಊರುಗಳು ಇನ್ನೂ ಬಹಳ ಉಳಿದಿರಲಿ. ಮುಂದಿನ ಮಾಘದಲ್ಲಿ ಅವರು ಮತ್ತೆ ಹೊಳಲ್ಕೆರೆಗೆ ಹೊರಡುವವರಿದ್ದಾರೆ. ಮರಗೆಲಸದವರನ್ನೆಲ್ಲ ಈಗಾಗಲೇ ಕೇಳಿಯಾಗಿದೆ, ಯಾರೂ ಒಪ್ಪಿಕೊಂಡಿಲ್ಲ. ಆ ಬಾಗಿಲನ್ನು ಇಟ್ಟು ಹೋದವರು ಯಾರು, ಅವರ ಮನೆಗೆ ಏನು ಬೇಕಾಗಿದೆ ಎಂಬುದು ಇದನ್ನು ಬರೆಯುವ ಹೊತ್ತಿಗೂ ತಿಳಿದಿಲ್ಲ.