ಒಳಗೆ ಬಿಡದ ಬಟ್ಟೆ

ಬೀರು ಒರೆಸುವಾಗ ಮೂಲೆಯಲ್ಲಿ ಒಂದು ಹೇರ್‌ಬ್ಯಾಂಡ್ ಸಿಕ್ಕಿತು. ಕುಂಕುಮ ಬಣ್ಣದ ಬಟ್ಟೆಯದು. ಒಳಗಿನ ಎಲಾಸ್ಟಿಕ್ ಸತ್ತುಹೋಗಿದೆ. ಬಟ್ಟೆ ಮಾತ್ರ ಎಳೆದರೆ ಇನ್ನೂ ಹಿಗ್ಗುತ್ತದೆ. ಹೊಲಿದುಕೊಟ್ಟವರು ಹೊಸಪೇಟೆಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಟೈಲರ್ ಅತ್ತೆ. ಅದನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ...

ಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಿರಲಿಲ್ಲ. ಓಣಿಗೆಲ್ಲ ಅತ್ತೆಯೇ. ಯಾರ ಕುಪ್ಪಸ ಹೊಲಿದರೂ ಪಕ್ಕೆಯ ಹೊಲಿಗೆಯಾಚೆ ಒಳಗೆ ಬಟ್ಟೆ ಬಿಡಲೇಬೇಕೆಂಬುದು ಅವರ ಹಟ. ಮುಂದೆ ಮೈ ತುಂಬಿಕೊಂಡರೆ ಬಿಚ್ಚಿ ಅಗಲ ಮಾಡಬೇಕಲ್ಲ! ಕಡ್ಡಿಯಂತಿದ್ದ ನನಗೂ ಧಾರಾಳವಾಗಿ ಬಿಡುತ್ತಿದ್ದರು. ನಾನು ಮುಖ ಊದಿಸಿದರೆ, "ಯಾವಾಗ್ಲೂ ಹಿಂಗ ಇರ್ತೀಯೇನ? ನಾಳೆ ಮದಿವ್ಯಾಗ್ತದ, ಮಕ್ಳಾಗ್ತಾವ... ಆಗ ನನ್ನ ನೆನಸ್ತೀ" ಎನ್ನುತ್ತಿದ್ದರು.

ನಾನು ಕಾಲೇಜಿನಲ್ಲಿದ್ದಾಗ ಅವರ ಎಡ ಎದೆಯಲ್ಲಿ ಗಂಟು ಕಾಣಿಸಿತು. ಬಳ್ಳಾರಿಯಲ್ಲಿ ಆಪರೇಷನ್ ಮಾಡಿ ಆ ಎದೆಯನ್ನೇ ತೆಗೆದರು. ಮನೆಗೆ ಬಂದ ಅತ್ತೆ ಬಾಗಿಲು ಹಾಕಿಕೊಂಡು ಕೂತರು. ಕೇಳಿದರೆ ಅದಿರು ಲಾರಿಗಳ ಧೂಳಿನ ನೆಪ. ಹಳೆಯ ಕುಪ್ಪಸಗಳು ಒಂದು ಕಡೆ ಜೋತುಬೀಳುತ್ತಿದ್ದವು, ಗಾಯಕ್ಕೆ ಉಜ್ಜಿ ಉರಿಯುತ್ತಿತ್ತು. ಅಷ್ಟರಲ್ಲಿ ಕಂಪ್ಲಿಯಲ್ಲಿ ಅವರ ತಂಗಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಬಂತು. ಹೋಗುವ ಆಸೆ ಅವರಿಗೆ ಬೆಟ್ಟದಷ್ಟಿತ್ತು, ಜನ ಎದೆ ನೋಡುತ್ತಾರೆಂಬ ಹೆದರಿಕೆಯೂ ಅಷ್ಟೇ ಇತ್ತು.

"ಎಳದ್ರ ಹಿಗ್ಗೋ ಬಟ್ಟಿ ಸಿಕ್ರ ತಗಂಬಾ" ಎಂದರು ನನಗೆ. ಕಟ್‌ಪೀಸ್ ಅಂಗಡಿಯಲ್ಲಿ ಥಾನಿನ ಕೊನೆಯ ತುಂಡು ಸಿಕ್ಕಿತು. ಒಂದು ಮೀಟರೂ ಇರಲಿಲ್ಲ.

ಆ ಬಟ್ಟೆ ಹಿಗ್ಗುತ್ತಿದ್ದುದು ಒಂದೇ ಕಡೆಗೆ. ಆ ಕಡೆ ಮೈಸುತ್ತ ಬರಬೇಕು, ಇಲ್ಲದಿದ್ದರೆ ಹುಕ್ಕಿಲ್ಲದ ಆ ಕುಪ್ಪಸ ತಲೆಯಿಂದ ಕೆಳಗೇ ಇಳಿಯದು. ಹಾಗೆ ಹಾಸಿದರೆ ತೋಳಿಗೆ ಸಾಲದು. ಅತ್ತೆ ಹಾಗೇ ಹಾಸಿ ತೋಳನ್ನು ಗಿಡ್ಡ ಮಾಡಿದರು. ಎಡಪಕ್ಕೆಯ ಹೊಲಿಗೆ ಗಾಯಕ್ಕೆ ತಾಗದಂತೆ ಬೆನ್ನಿನ ಕಡೆ ಸರಿಸಿದರು. ಒಳಗೆ ಹತ್ತಿ ತುಂಬಲು ಒಂದು ಜೇಬು. ಎಡಗೈ ಎತ್ತಲಾಗುತ್ತಿರಲಿಲ್ಲ, ಬಟ್ಟೆ ಹಿಡಿಯಲು ನಾನು ಪಕ್ಕದಲ್ಲಿ ಕೂತಿದ್ದೆ.

ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಪಕ್ಕೆ ಹೊಲಿದಾಗಿತ್ತು. ಹೊಲಿಗೆಯಾಚೆಯ ಬಟ್ಟೆಯನ್ನು ಒತ್ತಾಗಿ ಕತ್ತರಿಸಿಬಿಟ್ಟಿದ್ದರು.

"ಯಾಕ್ರಿ ಅತ್ತಿ, ಒಳಗ ಬಟ್ಟಿ ಬಿಡಲಿಲ್ಲಲ್ಲ?"

"ಎಲ್ಲಿ ಸಾಲ್ತದ?" ಎಂದರು, ತಲೆ ಎತ್ತದೆ.

"ಮತ್ತ, ಮೈ ತುಂಬ್ಕೊಂಡ್ರ?"

"ಸುಮ್ನ ತೋಳು ಹಿಡ್ಕಾ. ಜಾರ್ತದ."

ತೊಟ್ಟಿಲಿಗೆ ಹೋಗಿ ಬಂದರು. ಯಾರಿಗೂ ಗೊತ್ತಾಗಲಿಲ್ಲವಂತೆ. "ಮಸ್ತ್ ಕಾಣ್ತೀದಿ ಅಂದ್ಲು ನನ್ನ ತಂಗಿ" ಎಂದು ನಕ್ಕವರು, ಅದೇ ಬಟ್ಟೆಯ ಈ ಬ್ಯಾಂಡನ್ನು ನನ್ನ ಜಡೆಗೆ ಹಾಕಿದರು. ನಾನು ಓಣಿಯೆಲ್ಲ ತೋರಿಸಿಕೊಂಡು ಬಂದೆ. ಬರಬರುತ್ತ ಆ ಬಿಗಿ ಕುಪ್ಪಸವೂ ಅವರ ಮೈಮೇಲೆ ಸಡಿಲವಾಯಿತು. ಮುಂದಿನ ಬೇಸಿಗೆಗೆ ಅತ್ತೆ ಇರಲಿಲ್ಲ...

ಹೊಸ ಎಲಾಸ್ಟಿಕ್ ಹಾಕೋಣವೆಂದು ಇವತ್ತು ಬ್ಯಾಂಡಿನ ಹೊಲಿಗೆ ಬಿಚ್ಚಿದೆ. ಜೋಡಿಸಿ ಹೊಲಿದ ಉದ್ದನೆಯ ಪಟ್ಟಿಗಳು ಬಿಡಿಬಿಡಿಯಾಗಿ ಬಂದವು. ಎಲ್ಲದರ ತುದಿಯಲ್ಲೂ ಕುಪ್ಪಸದ ಕಂಕುಳಿಗೆಂದು ಓರೆಯಾಗಿ ಕತ್ತರಿಸಿದ ಗುರುತು. ಪಕ್ಕೆಗೆಂದು ಅವರು ಮೊದಲು ಬಿಟ್ಟಿದ್ದ ಬಟ್ಟೆ ಅದು. ಸಾಲದೆ ಏನಾಗಿತ್ತು? ಸಾಲುತ್ತಿತ್ತು.

ಈಗ ನನಗೆ ಮೈ ಬಂದಿದೆ. ಅವರು ಒಳಗೆ ಬಿಟ್ಟ ಬಟ್ಟೆ ಬಿಚ್ಚಿಕೊಂಡು ಆಗಿನ ಕುಪ್ಪಸವೊಂದನ್ನು ಈಗಲೂ ತೊಡುತ್ತೇನೆ. ಮೈ ತುಂಬಿಕೊಳ್ಳುವ ದಿನ ತಮಗಿಲ್ಲವೆಂದು ಅತ್ತೆಗೆ ಅವತ್ತೇ ಗೊತ್ತಿತ್ತು. ಆ ಪಟ್ಟಿಗಳನ್ನು ನನ್ನ ಜಡೆಗೆ ಸುತ್ತಿ, ಚಂದ ಕಾಣ್ತದ ಅಂದಿದ್ದರು.